ಮಿನಿಮಮ್ ಕಟ್ಟಿದ್ರೆ ಸಾಕು ಅಂದ, ನಾನೂ ನಂಬಿದೆ

ಮೊದಲ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಪೀಣ್ಯದ ನಮ್ಮ ಆಫೀಸಿನ ಕ್ಯಾಂಟೀನ್ ಹತ್ತಿರ ಒಬ್ಬ ಹುಡುಗ ಮೇಜು ಹಾಕಿಕೊಂಡು ಕ್ರೆಡಿಟ್ ಕಾರ್ಡ್ ಮಾಡಿಸುತ್ತಿದ್ದ. "ಈಗ್ಲೇ ಕಾರ್ಡ್ ತಗೊಂಡ್ರೆ ಸಿಬಿಲ್ ಚೆನ್ನಾಗಾಗುತ್ತೆ ಸರ್, ಮುಂದೆ ಲೋನ್ ಸಲೀಸು" ಅಂದ. ಸಿಬಿಲ್ ಅಂದ್ರೆ ಸಾಲ ಕೊಡೋ ಮುಂಚೆ ಬ್ಯಾಂಕಿನವರು ನೋಡೋ ಸ್ಕೋರ್. ಅವನು ಹೇಳಿದ್ದೇನೂ ಸುಳ್ಳಲ್ಲ. ಫಾರಂ ಅವನೇ ತುಂಬಿದ. ನಾನು ಟೀ ಕುಡಿಯುತ್ತಾ ಸೈನ್ ಹಾಕಿದೆ. ಆಟೋ ಡೆಬಿಟ್ ಅನ್ನೋ ಕಡೆ ಎರಡು ಚೌಕ ಇದ್ದವು. ಒಂದು ಪೂರ್ತಿ ಬಾಕಿ, ಇನ್ನೊಂದು ಮಿನಿಮಮ್ ಡ್ಯೂ, ಅಂದ್ರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ. ಅವನು ಎರಡನೆಯದಕ್ಕೆ ಟಿಕ್ ಹಾಕಿದ್ದ. "ಮಿನಿಮಮ್ ಕಟ್ಟಿದ್ರೆ ಸಾಕು ಸರ್."

ಲಿಮಿಟ್ 30,000. ಬಂದ ವಾರವೇ 24,000ದ ಫೋನ್ ತಂದೆ. ತಿಂಗಳಾದ ಮೇಲೆ ಖಾತೆಯಿಂದ 1,200 ಕಟ್ ಆಯ್ತು. ಅಷ್ಟೇನಾ, ಪರವಾಗಿಲ್ಲ ಅಂದುಕೊಂಡು ಸುಮ್ಮನಾದೆ. ಸ್ಟೇಟ್‌ಮೆಂಟ್ ತೆರೆದೂ ನೋಡಲಿಲ್ಲ.

ಎಂಟು ತಿಂಗಳ ಮೇಲೆ ಬೈಕ್ ಸಾಲಕ್ಕೆ ಶೋರೂಮಿಗೆ ಹೋದೆ. ಫೈನಾನ್ಸಿನವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಸಿಬಿಲ್ ಸ್ಕೋರ್ 668, ಕಮ್ಮಿಯಂತೆ. ಒಂದು ಕಂತೂ ತಪ್ಪಿಸಿಲ್ಲವಲ್ಲ ಅಂದೆ. "ತಪ್ಪಿಸಿಲ್ಲ, ಆದರೆ ಲಿಮಿಟ್ಟಿನ ಮುಕ್ಕಾಲು ಭಾಗ ಯಾವಾಗಲೂ ತುಂಬೇ ಇದೆ" ಅಂದರು. 30%ಗಿಂತ ಕಡಿಮೆ ಇರಬೇಕಂತೆ. ಸ್ಕೋರ್ ಏರಲಿ ಅಂತಲೇ ತಗೊಂಡ ಕಾರ್ಡು!

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಒಂಬತ್ತು ಸಾವಿರದ ಮೇಲೆ ಕಟ್ಟಿದ್ದೆ, ಬಾಕಿ ಇನ್ನೂ 22,000 ಆಸುಪಾಸು. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ 3.5%. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ. ನಮ್ಮೂರ ಲೆಕ್ಕದಲ್ಲಿ ನೂರಕ್ಕೆ ನಾಲ್ಕು ರೂಪಾಯಿಗಿಂತ ಜಾಸ್ತಿ. ಮೂರು ರೂಪಾಯಿ ಬಡ್ಡಿಗೆ ಕೊಡೋರನ್ನೇ ಊರಲ್ಲಿ ರಕ್ತ ಹೀರೋರು ಅಂತಾರೆ, ಅಲ್ವಾ? ಮಿನಿಮಮ್ ಅಂತ ಕಟ್ಟುತ್ತಿದ್ದ ಸಾವಿರದ ಚಿಲ್ಲರೆಯಲ್ಲಿ ಅಸಲಿಗೆ ಹೋಗುತ್ತಿದ್ದದ್ದು ಇನ್ನೂರು ಮುನ್ನೂರು ಮಾತ್ರ.

ಇನ್ನೊಂದು ಗೊತ್ತೇ ಇರಲಿಲ್ಲ. ಹಳೇ ಬಾಕಿ ಇದ್ದರೆ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳು ಸಿಗಲ್ಲ. ಒಂದು ಸಲ 640 ರೂಪಾಯಿ ದಿನಸಿ ತಂದಿದ್ದೆ. ತಂದ ದಿನದಿಂದಲೇ ಅದಕ್ಕೂ ಬಡ್ಡಿ ಬಿದ್ದಿತ್ತು.

ಕೊನೆಗೆ ಅಮ್ಮ ಚೀಟಿ ಎತ್ತಿ ಕೊಟ್ಟರು, ಪೂರ್ತಿ ತೀರಿಸಿದೆ. ಅದರ ಮುಂದಿನ ಸ್ಟೇಟ್‌ಮೆಂಟಲ್ಲೂ ಒಂದಿಷ್ಟು ಬಡ್ಡಿ ಬಂತು. ತೀರಿಸಿದ ದಿನದ ತನಕದ್ದಂತೆ. ಅದನ್ನೂ ಕಟ್ಟಿ, ನೆಟ್‌ಬ್ಯಾಂಕಿಂಗಿಗೆ ಹೋಗಿ ಆ ಟಿಕ್ ಬದಲಾಯಿಸಿದೆ. ಎರಡು ನಿಮಿಷದ ಕೆಲಸ. ಈಗ ಪೆಟ್ರೋಲ್, ರೀಚಾರ್ಜ್ ಬಿಟ್ಟು ಬೇರೇನಕ್ಕೂ ಕಾರ್ಡ್ ತೆಗೆಯಲ್ಲ. ಬೈಕ್ ಇನ್ನೂ ತಗೊಂಡಿಲ್ಲ. ನಿಮ್ಮ ಕಾರ್ಡಿನಲ್ಲಿ ಟಿಕ್ ಯಾವ ಚೌಕದಲ್ಲಿದೆ, ಇವತ್ತೇ ನೋಡಿಬಿಡಿ.