ಕಪ್ಲರ್ ಕೂತಿತು ಅಂತ ಮೀಟರ್ ಸರಿ ಇದೆ ಅಂದುಕೊಳ್ಳಬೇಡಿ

ಕಾರಿಗೆ ಸೆಕೆಂಡ್ ಹ್ಯಾಂಡ್ ಮೀಟರ್ ಬೋರ್ಡ್ (ಸ್ಟೇರಿಂಗ್ ಮುಂದೆ ಮುಳ್ಳು, ದೀಪ, ಕಿಲೋಮೀಟರ್ ಎಲ್ಲ ತೋರಿಸೋದು) ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದೆ ಮುಂದೆ ಆಗಬಹುದು.

ನನ್ನದು ನಾಲ್ಕು ಸಿಲಿಂಡರ್‌ನ ಹಳೇ ಪೆಟ್ರೋಲ್ ಕಾರು. ಮೀಟರ್‌ನ ದೀಪಗಳು ಒಂದೊಂದಾಗಿ ಹೋದವು, ಆಮೇಲೆ ಪೆಟ್ರೋಲ್ ಮುಳ್ಳೂ ಮಲಗಿತು. ಹಳೇ ಬಿಡಿಭಾಗ ಮಾರಿ ತಾವೇ ಹಾಕಿಕೊಡುವ ಒಬ್ಬರ ಹತ್ತಿರ ಹೋದೆ. "ಇದೇ ಗಾಡಿದು ಸರ್, ಕಪ್ಲರ್ ಹಾಕಿದ್ರೆ ಮುಗೀತು" ಅಂದರು. ಕಪ್ಲರ್ ಅಂದರೆ ಮೀಟರ್ ಹಿಂದೆ ಚುಚ್ಚೋ ವೈರ್ ಪ್ಲಗ್. ಹಾಕಿದರು. ದೀಪ ಹತ್ತಿತು, ಪೆಟ್ರೋಲ್ ಮುಳ್ಳು ಎದ್ದಿತು. ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸೋದು) ಮಾತ್ರ 500 ದಾಟಿ ಒಂಚೂರು ಮೇಲೆ ನಿಂತುಬಿಟ್ಟಿತು.

ಇಂಜಿನ್ ಸದ್ದು ಮಾಮೂಲಿಯಾಗೇ ಇದೆ. ನಡುಕ ಇಲ್ಲ. ನಿಜವಾಗಿ ಅಷ್ಟು ಕೆಳಗೆ ಇಳಿದಿದ್ದರೆ ಗಾಡಿ ಒದ್ದಾಡುತ್ತಿತ್ತು, ಅಲ್ವಾ? ಕೇಳಿದೆ.

"ಮೀಟರ್ ಕರೆಕ್ಟಾಗಿದೆ ಸರ್. ನಿಮ್ಮ ಐಡಲಿಂಗೇ ಕಮ್ಮಿ. ಇಷ್ಟು ದಿನ ಹಳೇ ಮೀಟರ್ ಸುಳ್ಳು ತೋರಿಸ್ತಿತ್ತು."

ಧೈರ್ಯ ನೋಡಿ! ಅಷ್ಟಕ್ಕೇ ಬಿಡಲಿಲ್ಲ. ಬಾನೆಟ್ ಎತ್ತಿ, ಐಡಲ್ ಸ್ಕ್ರೂ (ಐಡಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ತಿರುಗೋ ವೇಗ ಹೊಂದಿಸೋದು) ತಿರುಗಿಸಿ, ಮುಳ್ಳನ್ನು 800ಕ್ಕೆ ತಂದು ನಿಲ್ಲಿಸಿ "ಈಗ ನೋಡಿ" ಅಂದರು. ಅದಕ್ಕೆ ಬೇರೆ ಕೂಲಿ ತಗೊಂಡರು. ಕೆಡಿಸಿದ್ದಕ್ಕೆ ಕೂಲಿ!

ಅವತ್ತಿಂದ ಕ್ಲಚ್ ಬಿಟ್ಟರೆ ಗಾಡಿ ಮುಂದಕ್ಕೆ ನುಗ್ಗುತ್ತೆ. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ಸುಮ್ನೆ ಅರಚುತ್ತೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಫೋನ್ ಮಾಡಿದರೆ "ಸ್ವಲ್ಪ ದಿನ ಓಡಿಸಿ ಸರ್, ಸೆಟ್ ಆಗುತ್ತೆ." ಮೀಟರ್ ಏನು ಹೊಸ ಚಪ್ಪಲಿನಾ, ಹಾಕ್ಕೊಂಡು ಓಡಾಡಿದರೆ ಸೆಟ್ ಆಗೋಕೆ?

ಕೊನೆಗೆ ಗೆಳೆಯನೊಬ್ಬ ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಇಂಜಿನ್ ಕಂಪ್ಯೂಟರ್‌ನಿಂದ ನೇರವಾಗಿ ಆರ್‌ಪಿಎಂ ಓದೋ ಸ್ಕ್ಯಾನರ್ ಚುಚ್ಚಿದ. ಮುಳ್ಳು 800, ಸ್ಕ್ಯಾನರ್ 1200. ಆಕ್ಸಿಲರೇಟರ್ ಒತ್ತಿದೆವು. ಮುಳ್ಳು 1000 ಅಂದರೆ ಸ್ಕ್ಯಾನರ್ 1500. ಮುಳ್ಳು 2000 ಅಂದರೆ ಸ್ಕ್ಯಾನರ್ 3000. ಎಲ್ಲಿ ನಿಲ್ಲಿಸಿದರೂ ಅದೇ ಒಂದೂವರೆ ಪಟ್ಟು. ಅವನು ನಗೋಕೆ ಶುರು ಮಾಡಿದ. "ಇದು ಆರು ಸಿಲಿಂಡರ್ ಗಾಡಿ ಮೀಟರ್ ಕಣೋ!"

ಲೆಕ್ಕ ಇಷ್ಟೇ. ಇಂಥ ಗಾಡಿಗಳಲ್ಲಿ ಇಂಜಿನ್ ಒಂದು ಸುತ್ತು ತಿರುಗಿದರೆ ನಾಲ್ಕು ಸಿಲಿಂಡರ್‌ನಿಂದ ಮೀಟರ್‌ಗೆ 2 ಪಲ್ಸ್ (ಕರೆಂಟಿನ ಮಿಡಿತ) ಬರುತ್ತೆ, ಆರು ಸಿಲಿಂಡರ್‌ನಿಂದ 3. ನನಗೆ ಹಾಕಿದ್ದು 3 ಪಲ್ಸ್‌ಗೆ ಒಂದು ಸುತ್ತು ಅಂತ ಎಣಿಸೋ ಮೀಟರ್. ಅದೇ ಅಚ್ಚು, ಅದೇ ಕಪ್ಲರ್, ಒಳಗಿನ ಲೆಕ್ಕ ಬೇರೆ. ಇದು ಬರೀ ಪೆಟ್ರೋಲ್ ಖರ್ಚಿನ ಮಾತಲ್ಲ. ಮುಳ್ಳು 4500 ತೋರಿಸುವಾಗ ಇಂಜಿನ್ 6750ರಲ್ಲಿ ತಿರುಗುತ್ತಿರುತ್ತೆ. ಎಷ್ಟೋ ಇಂಜಿನ್‌ಗಳಿಗೆ ಅದು ಕೆಂಪು ಗೆರೆ, ಅಂದರೆ ಇಂಜಿನ್ ತಡೆಯೋ ಮಿತಿ, ದಾಟಿದ ಹಾಗೆ.

ಫೋಟೋ ಕಳಿಸಿದೆ. ಬಂದ ಉತ್ತರ: "ಸ್ಕ್ಯಾನರ್ ಎಲ್ಲ ನಂಬಬೇಡಿ ಸರ್." ಮತ್ತೆ ಕೇಳಿದರೆ "ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ." ಸರಿ, ನನ್ನ ಹಳೇದಾದರೂ ಕೊಡಿ ಅಂದೆ. "ಅದು ಗುಜರಿಗೆ ಹೋಯ್ತಲ್ಲ ಸರ್." ಅದರಲ್ಲಿ ಆರ್‌ಪಿಎಂ ಚೆನ್ನಾಗೇ ಇತ್ತು! ಗಾಡಿ ಓಡಿದ ಕಿಲೋಮೀಟರ್ ಲೆಕ್ಕವೂ ಅದರಲ್ಲೇ ಇತ್ತು. ಈಗ ಯಾವುದೋ ಗಾಡಿಯ ಕಿಲೋಮೀಟರ್ ನನ್ನ ಕಣ್ಣೆದುರು.

ಹಳೇ ಮೀಟರ್ ಯಾರ ಕೈಗೂ ಬಿಡಬೇಡಿ, ಬಿಚ್ಚೋ ಮುಂಚೆ ಕಿಲೋಮೀಟರ್ ಫೋಟೋ ತೆಗೆದಿಡಿ. ಹಾಕಿದವರು ಎದುರಿಗಿರುವಾಗಲೇ ಸ್ಕ್ಯಾನರ್ ಹಾಕಿ ಎರಡು ಮೂರು ಕಡೆ ತಾಳೆ ನೋಡಿ. ವ್ಯತ್ಯಾಸ ಎಲ್ಲ ಕಡೆ ಅಷ್ಟೇ ಇದ್ದರೆ, ಉದಾಹರಣೆಗೆ ಎಲ್ಲಿ ನೋಡಿದರೂ 300 ಕಮ್ಮಿ, ಆಗ ಮುಳ್ಳು ಕಿತ್ತು ತಪ್ಪಾಗಿ ಕೂರಿಸಿರುವ ಸಾಧ್ಯತೆ ಜಾಸ್ತಿ. ನನ್ನದರ ಥರ ಪಟ್ಟು ಲೆಕ್ಕದಲ್ಲಿ ಬಂದರೆ ಸಿಲಿಂಡರ್ ಲೆಕ್ಕ ತಪ್ಪಿದೆ. ಮುಳ್ಳು ಅಲ್ಲಾಡದಿದ್ದರೆ ಮೊದಲು ಫ್ಯೂಸ್, ಅರ್ಥ್, ಸಿಗ್ನಲ್ ವೈರ್ ನೋಡಿಸಿ. ಏನೇ ಆಗಲಿ, ಮೀಟರ್ ನೋಡಿಕೊಂಡು ಐಡಲ್ ಸ್ಕ್ರೂ ಮುಟ್ಟೋಕೆ ಮಾತ್ರ ಬಿಡಬೇಡಿ.

ಸ್ಕ್ಯಾನರ್ ನೋಡಿಕೊಂಡು ಸ್ಕ್ರೂ ನಾವೇ ಹಿಂದಕ್ಕೆ ತಿರುಗಿಸಿ ನಿಜವಾದ 800ಕ್ಕೆ ತಂದೆವು. ಮೊನ್ನೆ ಅವರದೇ ಮೆಸೇಜ್: "ನಾಲ್ಕು ಸಿಲಿಂಡರ್ ಮೀಟರ್ ಬಂದಿದೆ ಸರ್, ಹಾಕ್ಲಾ?" ಅದಕ್ಕೂ ಪೂರ್ತಿ ದುಡ್ಡು ಕೊಡಬೇಕಂತೆ.