ಉದ್ಯಮಬಾಗದ ಫಲಕವಿಲ್ಲದ ವರ್ಕ್‌ಶಾಪ್ ಮತ್ತು ಜಾಮ್ ಆಗುತ್ತಿದ್ದ ಗೇರ್‌ಬಾಕ್ಸ್

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೂ ಮಷೀನ್ ಶಾಪ್‌ಗಳಿಗೂ ಕೊರತೆಯಿಲ್ಲ. ಆದರೆ ವಿದ್ಯಾರ್ಥಿಗಳು ಮನೆಯಲ್ಲೇ ಜೋಡಿಸಿದ ರೋಬೋಟಿನ ಗೇರ್‌ಬಾಕ್ಸ್ ಹಿಡಿದುಕೊಂಡು ಹೋದರೆ, “ಒಂದ್ ಜಾಬ್ ಸಲುವಾಗಿ ಮಷೀನ್ ಸೆಟ್ ಮಾಡಾಂಗಿಲ್ರಿ” ಎಂಬ ಉತ್ತರವೇ ಹೆಚ್ಚು ಕಡೆ ಸಿಗುತ್ತದೆ. ಒಳರಸ್ತೆಯಲ್ಲಿರುವ, ಹೊರಗೆ ನಾಮಫಲಕವೂ ಇಲ್ಲದ ಈ ಸಣ್ಣ ವರ್ಕ್‌ಶಾಪ್ ಅಂಥ ಕೆಲಸವನ್ನು ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ದೋಷ ಎಲ್ಲಿದೆಯೆಂದು ಖಚಿತವಾಗುವವರೆಗೆ ಲೋಹಕ್ಕೆ ಕೈ ಹಚ್ಚುವುದಿಲ್ಲ.

ನಾವು ಒಯ್ದದ್ದು ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1 ಇರುವ, 20 ಹಲ್ಲಿನ ಪಿನಿಯನ್ (ಚಿಕ್ಕ ಗೇರ್) ಮತ್ತು 60 ಹಲ್ಲಿನ ಗೇರ್ ಇದ್ದ, ಅಲ್ಯೂಮಿನಿಯಂ ಪ್ಲೇಟುಗಳ ನಡುವೆ ಕೂರಿಸಿದ ಪೆಟ್ಟಿಗೆ. ಮಾಲೀಕರು ಮೊದಲು ಮೋಟಾರನ್ನು ಕಳಚಿಸಿದರು, ಏಕೆಂದರೆ ಮೋಟಾರಿನ ಬಿಗಿತ ಸೇರಿಕೊಂಡರೆ ಗೇರಿನ ಬಿಗಿತ ಕೈಗೆ ತಿಳಿಯುವುದಿಲ್ಲ. ಅನಂತರ ಎರಡೂ ಗೇರುಗಳ ಒಂದೊಂದು ಹಲ್ಲಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ ಬೆರಳಿನಿಂದ ನಿಧಾನವಾಗಿ ತಿರುಗಿಸಿದರು. ಪಿನಿಯನ್ ಸುತ್ತಿದಾಗಲೆಲ್ಲ ಒಮ್ಮೆ ಬಿಗಿಯಾದರೆ ಅದರ ಹಲ್ಲಿನಲ್ಲಿ ಬರ್ (ಕೊಯ್ದಾಗ ಉಳಿಯುವ ಚೂಪು ಅಂಚು) ಉಳಿದಿರಬೇಕು ಅಥವಾ ಅದರ ಶಾಫ್ಟ್ ಬಾಗಿರಬೇಕು. ದೊಡ್ಡ ಗೇರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಒಮ್ಮೆ ಮಾತ್ರ ಬಿಗಿಯಾದರೆ ದೋಷ ಆ ಗೇರಿನದೇ, ಬಹುಶಃ ಅದರ ತೂತು ಕೇಂದ್ರದಲ್ಲಿಲ್ಲ. ಎಲ್ಲೆಡೆ ಒಂದೇ ಸಮನೆ ಬಿಗಿಯಿದ್ದರೆ ಶಾಫ್ಟುಗಳ ಅಂತರವನ್ನೇ ಅನುಮಾನಿಸಬೇಕು.

ನಮ್ಮದು ಮೂರನೆಯ ಬಗೆಯದು. ಒಂದು ಬದಿಯ ಪ್ಲೇಟಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದಾಗ ಗೇರ್ ಹಗುರವಾಗಿ ತಿರುಗಿದ್ದರಿಂದ, “ಗೇರ್ ಚಲೋ ಅದಾವ್ರಿ ಸರ್, ಪ್ಲೇಟಿನ ತೂತು ಸರಿ ಬಿದ್ದಿಲ್ಲ” ಎಂದು ಅವರು ಅಲ್ಲಿಯೇ ಹೇಳಿದರು. ವರ್ನಿಯರ್‌ನಲ್ಲಿ ಎರಡು 8 ಮಿ.ಮೀ. ಶಾಫ್ಟುಗಳ ಹೊರ ಅಂಚುಗಳ ನಡುವೆ ಅಳೆದಾಗ ಒಂದು ಕಡೆ 48.0, ಇನ್ನೊಂದು ಕಡೆ 47.8 ಬಂತು. 8 ಕಳೆದರೆ ಕೇಂದ್ರಗಳ ಅಂತರ 40.0 ಮತ್ತು 39.8. ಹಲ್ಲುಗಳ ಮೊತ್ತವನ್ನು ಮಾಡ್ಯೂಲ್‌ನಿಂದ ಗುಣಿಸಿ ಅರ್ಧ ಮಾಡಿದರೆ ಇರಬೇಕಾದ ಅಂತರ 40. ಪ್ಲೇಟುಗಳನ್ನು ಬೇರೆ ಬೇರೆಯಾಗಿ ಡ್ರಿಲ್ ಮಾಡಿದ್ದರಿಂದ ಶಾಫ್ಟುಗಳು ಸಮಾನಾಂತರವಾಗಿ ನಿಂತಿರಲಿಲ್ಲ, ಹಲ್ಲುಗಳ ನಡುವೆ ಪ್ಲೇ (ಸಡಿಲು ಜಾಗ) ಕೂಡ ಉಳಿದಿರಲಿಲ್ಲ.

ಇಲ್ಲಿಗೆ ಬರುವ ಮೊದಲು ಇನ್ನೊಂದು ಕಡೆ ಗ್ರೈಂಡಿಂಗ್ ಪೇಸ್ಟ್ (ಲೋಹ ಸವೆಸುವ ಪುಡಿ ಬೆರೆಸಿದ ಲೇಪ) ಹಚ್ಚಿ ಓಡಿಸಲು ಸೂಚಿಸಿದ್ದರು. ಈ ಮಾಲೀಕರು ಅದನ್ನು ಒಪ್ಪಲಿಲ್ಲ, ಮತ್ತು ಅವರ ಮಾತೇ ಸರಿಯೆಂದು ನನ್ನ ಅಭಿಪ್ರಾಯ: ಆ ಪುಡಿ, ಶಾಫ್ಟ್ ತಿರುಗುವ ಹಿತ್ತಾಳೆಯ ಕೊಳವೆಯಾದ ಬುಷ್‌ನಲ್ಲಿ ಹುದುಗಿಕೊಂಡು ಮುಂದೆ ಶಾಫ್ಟನ್ನೇ ಸವೆಸುತ್ತದೆ, ಓರೆ ನಿಂತ ಶಾಫ್ಟು ಓರೆಯಾಗಿಯೇ ಉಳಿಯುತ್ತದೆ. ಬದಲಾಗಿ ಎರಡೂ ಪ್ಲೇಟುಗಳನ್ನು ಒಟ್ಟಿಗೆ ಕ್ಲ್ಯಾಂಪ್ ಮಾಡಿ, ಮಿಲ್ಲಿಂಗ್ ಯಂತ್ರದಲ್ಲಿ 40.1 ಅಂತರಕ್ಕೆ ಒಂದೇ ಸಲಕ್ಕೆ ಬೋರ್ ಮಾಡಿ, ತೂತು ದೊಡ್ಡದಾದಷ್ಟು ದಪ್ಪನೆಯ ಹೊಸ ಬುಷ್ ಕೂರಿಸಿದರು. 20 ಡಿಗ್ರಿ ಒತ್ತಡ ಕೋನದ (ಹಲ್ಲು ಹಲ್ಲನ್ನು ತಳ್ಳುವ ಓರೆಯ) ಹಲ್ಲುಗಳಲ್ಲಿ ಅಂತರ 0.1 ಮಿ.ಮೀ. ಹೆಚ್ಚಿದರೆ ಪ್ಲೇ ಸುಮಾರು 0.07 ಹೆಚ್ಚುತ್ತದೆ, ಇಷ್ಟು ಚಿಕ್ಕ ರೋಬೋಟಿಗೆ ಅದು ಸಾಕು. ಈಗ ಸ್ಕ್ರೂಗಳನ್ನು ಪೂರ್ತಿ ಬಿಗಿದರೂ ಗೇರ್ ಬೆರಳ ತುದಿಗೆ ತಿರುಗುತ್ತದೆ.

ಕೊರತೆಗಳೂ ಇವೆ. ಅಳತೆಗಳನ್ನು ಬರೆದು ಕೊಡುವುದಿಲ್ಲ, ಕೇಳಿ ನಾವೇ ಬರೆದುಕೊಳ್ಳಬೇಕು. ಕಾರ್ಖಾನೆಗಳ ಕೆಲಸ ಬಂದರೆ ನಮ್ಮದು ಹಿಂದೆ ಬೀಳುತ್ತದೆ, ಹೇಳಿದ ದಿನಕ್ಕೆ ಸಿಗುತ್ತದೆಂದು ನಂಬಿ ಸ್ಪರ್ಧೆಯ ಹಿಂದಿನ ದಿನ ಹೋಗುವುದು ಬೇಡ. ಹೊಸ ಗೇರಿಗೆ ಹಲ್ಲು ಕೊಯ್ಯುವ ಯಂತ್ರ ಇಲ್ಲಿಲ್ಲ. ತ್ರಿ-ಡಿ ಪ್ರಿಂಟರ್‌ನ ಪ್ಲಾಸ್ಟಿಕ್ ಗೇರ್ ಒಯ್ದರೆ, ಮೊದಲ ಪದರ ಹರಡಿ ದಪ್ಪಗಾದ ಅಂಚನ್ನು ಅರದಿಂದ ಉಜ್ಜಿಕೊಳ್ಳಿ ಎಂದು ಹೇಳಿ, ಹಣ ಪಡೆಯದೆ ವಾಪಸು ಕಳಿಸುತ್ತಾರೆ.