ನೆಲದಡಿ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕೊಳಚೆ ಪೈಪ್ ಹಾಕಿಸುವವರೇ, ಗುಂಡಿ ಮುಚ್ಚುವ ಮೊದಲು ಇದನ್ನು ಓದಿ

"ಎಸ್‌ಎಸ್ ಸಾರ್, ತುಕ್ಕಿನ ಮಾತೇ ಇಲ್ಲ" ಅಂತ ಗುತ್ತಿಗೆದಾರ ಹೇಳಿದರೆ ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. ಜಾಯಿಂಟ್ ಹೇಗೆ ಮಾಡ್ತೀರಿ, ಮಾಡಿದ ಮೇಲೆ ಏನು ಸುತ್ತುತ್ತೀರಿ ಅಂತ ಕೇಳಿ. ಉತ್ತರ ತಡವರಿಸಿದರೆ ಕೆಲಸ ನಿಲ್ಲಿಸಿ.

ನಮ್ಮದು ಬೆಂಗಳೂರಿನ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟ್. ಕೊಳಚೆ ಸಂಪಿನಿಂದ ಎಸ್‌ಟಿಪಿಗೆ (ಕೊಳಚೆ ಶುದ್ಧೀಕರಣ ಘಟಕಕ್ಕೆ) ಪಂಪ್ ಮಾಡುವ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಲೈನ್ ತೂತು ಬಿದ್ದಿತ್ತು. ಅದರ ಜಾಗಕ್ಕೆ ನಾಲ್ಕಿಂಚಿನ 304 ದರ್ಜೆಯ ಸ್ಟೇನ್‌ಲೆಸ್ ಪೈಪ್ ಬಂತು, ದುಡ್ಡೂ ಅದಕ್ಕೆ ತಕ್ಕಂತೆ ಹೋಯಿತು. ಎರಡನೇ ಮಳೆಗಾಲ ಮುಗಿಯುವುದರೊಳಗೆ ರ‍್ಯಾಂಪಿನ ಪಕ್ಕದ ನೆಲ ಬಿಸಿಲಲ್ಲೂ ಒದ್ದೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಅಲ್ಲಿಂದ ಕೂಗಳತೆಯಲ್ಲಿ ನಮ್ಮ ಬೋರ್‌ವೆಲ್ ಇದೆ, ಮಕ್ಕಳು ಆಡುವ ಜಾಗವಿದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ದುಡ್ಡಿಗಿಂತ ಹೆಚ್ಚಾಗಿ ಅದಕ್ಕೆ.

ಅಗೆಸಿ ನೋಡಿದರೆ ಪೈಪಿನ ಮೈ ಬಹುಪಾಲು ಹೊಸದರಂತೆ ಫಳಫಳ. ಸೋರುತ್ತಿದ್ದುದು ವೆಲ್ಡಿಂಗಿನ ಪಕ್ಕದಲ್ಲೇ. ಹೊರಗಿನಿಂದ ಕಂಡದ್ದು ಸಾಸಿವೆ ಕಾಳಿನಷ್ಟು ತೂತು. ಆ ತುಂಡನ್ನು ಕತ್ತರಿಸಿ ಉದ್ದಕ್ಕೆ ಸೀಳಿಸಿದೆವು. ಒಳಗಡೆ ವೆಲ್ಡಿಂಗಿನ ಬುಡ ಕಪ್ಪಗೆ, ಒರಟಾಗಿ ಸುಟ್ಟಿತ್ತು. ಅದರ ಎರಡೂ ಬದಿ ನೀಲಿ-ಕಂದು ಪಟ್ಟೆ, ಪಟ್ಟೆಯ ಮೇಲೆ ಅಲ್ಲಲ್ಲಿ ಕಂದು ಗುಪ್ಪೆ. ಗುಪ್ಪೆಯನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಕೆಳಗೆ ಪುಟ್ಟ ಬಾಯಿ. ಆ ಬಾಯಿಯ ಹಿಂದೆ ಲೋಹ ಪೊಳ್ಳಾಗಿ ಹೋಗಿ ಸ್ಕ್ರೂಡ್ರೈವರಿನ ತುದಿ ಸಲೀಸಾಗಿ ಒಳಗಿಳಿಯಿತು.

ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ಪದರ, ಕೆಲವೇ ನ್ಯಾನೋಮೀಟರ್ ದಪ್ಪ. ಗೀರು ಬಿದ್ದರೆ ಅದು ತಾನೇ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು, ಮೈ ಸ್ವಚ್ಛವಾಗಿರಬೇಕು. ವೆಲ್ಡಿಂಗ್ ಮಾಡುವಾಗ ಪೈಪಿನೊಳಗೆ ಗಾಳಿಯನ್ನು ಹೊರದಬ್ಬಲು ಆರ್ಗಾನ್ ಅನಿಲ ತುಂಬಿಸದಿದ್ದರೆ (ಇದಕ್ಕೇ ಆರ್ಗಾನ್ ಪರ್ಜ್ ಅನ್ನುವುದು) ಒಳಮೈ ಗಾಳಿಗೆ ಸುಟ್ಟು ಆ ನೀಲಿ ಪಟ್ಟೆ ಏಳುತ್ತದೆ. ಪಟ್ಟೆಯ ಅಡಿಯ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಕೊಳಚೆಯ ಬ್ಯಾಕ್ಟೀರಿಯಾ ಗೂಡು ಕಟ್ಟುವುದೂ ಅಲ್ಲೇ, ಉಪ್ಪಿನ ಕ್ಲೋರೈಡ್ ಕೊರೆಯುವುದೂ ಅಲ್ಲೇ. ನಮ್ಮ ಲೈನಿಗೆ ಆರ್ಗಾನ್ ಪರ್ಜ್ ಆಗಿರಲಿಲ್ಲ, ಸುಟ್ಟ ಪಟ್ಟೆ ತೆಗೆಯುವ ಆಮ್ಲದ ಪಿಕ್ಲಿಂಗ್ ಪೇಸ್ಟ್ ಹಚ್ಚಿರಲಿಲ್ಲ. ಸಾದಾ ಕಬ್ಬಿಣ ಉಜ್ಜಿದ ವೈರ್ ಬ್ರಷ್ಷಿನಿಂದಲೇ ಹೊರಗಡೆ ಹೊಳಪು ಬರಿಸಿದ್ದರು.

ಇದರ ಜೊತೆಗೆ ಉಪ್ಪು. ನಮ್ಮ ಬೋರ್ ನೀರು ಗಡಸು, ಹಾಗಾಗಿ ಸಾಫ್ಟನರ್ ಇದೆ. ಅದನ್ನು ಮೂಟೆಗಟ್ಟಲೆ ಉಪ್ಪು ಹಾಕಿ ತೊಳೆದ ನೀರು ನೇರ ಕೊಳಚೆ ಸಂಪಿಗೇ ಬೀಳುತ್ತಿತ್ತು. 304ಕ್ಕೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್, ಅದಕ್ಕಿಂತ ಮೇಲಿನ ದರ್ಜೆಯ 316ಕ್ಕೆ ಸುಮಾರು 1000 ಎನ್ನುವುದು ಈ ಕೆಲಸದವರು ಹಿಡಿಯುವ ಗರಿಷ್ಠ ಮಿತಿಯ ಲೆಕ್ಕ, ಅದೂ ಜಾಯಿಂಟ್ ಶುಚಿಯಾಗಿದ್ದರೆ ಮಾತ್ರ. ಸಾಫ್ಟನರ್ ಇರುವ ಅಪಾರ್ಟ್‌ಮೆಂಟಿಗೆ 304 ಪೈಪಿನ ಕೊಟೇಶನ್ ಕೊಡುವವರು ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲೇಬೇಕಿತ್ತು.

ಇನ್ನೂ ಕೆಟ್ಟದ್ದು ಕಪ್ಲಿಂಗ್‌ಗಳ ಕಥೆ. ವೆಲ್ಡ್ ಮಾಡಲಾಗದ ಕಡೆ ರಬ್ಬರ್ ಗ್ಯಾಸ್ಕೆಟ್ ಇರುವ ಕ್ಲಾಂಪ್ ಹಾಕಿ ಜಿಐ ಬೋಲ್ಟ್ ಬಿಗಿದಿದ್ದರು. ಒದ್ದೆ ಮಣ್ಣಿನಲ್ಲಿ ಎಸ್‌ಎಸ್ ಪೈಪಿಗೆ ತಾಗಿದ ಜಿಐ ತಾನು ಸವೆದು ಪೈಪನ್ನು ಉಳಿಸುತ್ತದೆ. ಪೈಪ್ ದೊಡ್ಡದು, ಬೋಲ್ಟ್ ಸಣ್ಣದು, ಹಾಗಾಗಿ ಸವೆತ ಜೋರು. ಒಂದು ಬೋಲ್ಟಿನ ತಲೆ ಬೆರಳಿಗೆ ಕಿತ್ತು ಬಂತು. ಅಲ್ಲಿ 316 ಬೋಲ್ಟೇ ಬೇಕು. ಎಸ್‌ಎಸ್ ನಟ್ ಬೋಲ್ಟಿಗೆ ಕಚ್ಚಿಕೊಂಡು ಬಿಡುವುದರಿಂದ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಬೇಕು, ಆಮೇಲೆ ಇಡೀ ಕಪ್ಲಿಂಗಿಗೆ ನೀರು ತಾಗದಂತೆ ಪೆಟ್ರೋಲೇಟಮ್ (ವ್ಯಾಸಲಿನ್‌ನಂಥ ಜಿಡ್ಡಿನ) ಟೇಪ್ ಸುತ್ತಬೇಕು.

ಟೇಪ್ ನಮ್ಮಲ್ಲೂ ಇತ್ತು, ಹೆಸರಿಗೆ. ಮೇಲೆ ಕಟ್ಟಡದ ಡೆಬ್ರಿ ಸುರಿದಿದ್ದರು. ಕಾಂಕ್ರೀಟ್ ಚೂರು, ಕಂಬಿ ತುಂಡು ಟೇಪನ್ನು ಹರಿದಿದ್ದವು. ಸಡಿಲವಾದ ಟೇಪ್ ಬರಿಮೈಗಿಂತ ಅಪಾಯ, ಅದರಡಿ ನೀರು ನಿಂತು ಗಾಳಿಯಾಡದೆ ಲೋಹ ತಿನ್ನುತ್ತದೆ. ಪೈಪಿನ ಕೆಳಗೂ ಸುತ್ತಲೂ ತೊಳೆದ ಮರಳನ್ನೇ ಹಾಕಿಸಿ, ಸಮುದ್ರದ ಉಪ್ಪಿರುವ ಮರಳು ಹತ್ತಿರಕ್ಕೂ ಬೇಡ. ಮಂಗಳೂರು, ಉಡುಪಿ ಕಡೆಯವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಿರಿ.

ನನ್ನನ್ನು ಕೇಳಿದರೆ, ನೆಲದಡಿಯ ಕೊಳಚೆ ಲೈನಿಗೆ ಸರಿಯಾಗಿ ಫ್ಯೂಶನ್ ಮಾಡಿದ (ಕಾಯಿಸಿ ಬೆಸೆದ) ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಸಾಕು. ಎಸ್‌ಎಸ್ ಪಂಪ್ ರೂಮಿನೊಳಗೆ ಕಣ್ಣಿಗೆ ಕಾಣುವ ಹಾಗೆ ಇರಲಿ. ಎಸ್‌ಎಸ್ಸೇ ಬೇಕೆಂದರೆ 316ಎಲ್ (ಇಂಗಾಲ ಕಡಿಮೆಯಿರುವ 316) ಪೈಪ್, ವೆಲ್ಡಿಂಗಿಗೆ 316ಎಲ್ ಫಿಲ್ಲರ್ ರಾಡ್, ಆರ್ಗಾನ್ ಪರ್ಜ್, ಪಿಕ್ಲಿಂಗ್, ಇಷ್ಟನ್ನೂ ವರ್ಕ್ ಆರ್ಡರಿನಲ್ಲೇ ಬರೆಸಿ. ಮೊದಲ ವೆಲ್ಡನ್ನು ನಿಮ್ಮೆದುರೇ ಕತ್ತರಿಸಿ ಒಳಮೈ ತೋರಿಸಲಿ. ಬೆಳ್ಳಿ ಅಥವಾ ತೆಳು ಒಣಹುಲ್ಲಿನ ಬಣ್ಣವಿದ್ದರೆ ಮುಂದುವರಿಯಲಿ, ನೀಲಿ-ಕಪ್ಪು ಇದ್ದರೆ ಮತ್ತೆ ಮಾಡಲಿ.

ಪ್ರೆಶರ್ ಟೆಸ್ಟಿಗೆ ತುಂಬಿಸಿದ ನೀರನ್ನು ಮಾತ್ರ ಮರೆಯಬೇಡಿ. ನಮ್ಮ ಲೈನಿನಲ್ಲಿ ಟ್ಯಾಂಕರ್ ನೀರು ತುಂಬಿಸಿ, ಪಂಪ್ ಬರುವವರೆಗೆ ವಾರಗಟ್ಟಲೆ ಹಾಗೇ ಬಿಟ್ಟಿದ್ದರು. ಬ್ಯಾಕ್ಟೀರಿಯಾ ವೆಲ್ಡಿಗೆ ಅಂಟಿಕೊಳ್ಳಲು ಅಷ್ಟು ಸಮಯ ಧಾರಾಳ. ಟೆಸ್ಟ್ ಮುಗಿದ ಕೂಡಲೇ ನೀರು ಪೂರ್ತಿ ಬಸಿಸಿ, ಗಾಳಿ ಊದಿಸಿ ಒಣಗಿಸಿ, ಫೋಟೋ ತೆಗೆದಿಟ್ಟುಕೊಂಡ ಮೇಲೆಯೇ ಕೊನೆಯ ಕಂತಿನ ಚೆಕ್ ಬರೆಯಿರಿ.